ಬ್ಲಾಕ್‌ಗೆ ಬೆಲೆ ಕಟ್ಟುವ ಕಲೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವಿಕ್ಟರ್ ವೆಂಬನ್ಯಾಮ 2023–24ರ ತನ್ನ ಚೊಚ್ಚಲ ಋತುವಿನ 71 ಪಂದ್ಯಗಳಲ್ಲಿ 254 ಬ್ಲಾಕ್ ಮಾಡಿದ, ಅಂದರೆ ಎದುರಾಳಿಯ ಅಷ್ಟು ಶಾಟ್‌ಗಳನ್ನು ತಡೆದ. ಪಂದ್ಯಕ್ಕೆ ಸರಾಸರಿ 3.6, ಲೀಗ್‌ನಲ್ಲೇ ಮೊದಲ ಸ್ಥಾನ. ಅದೇ ಋತುವಿನ ಫೆಬ್ರುವರಿ 12ರಂದು ಟೊರೊಂಟೊ ವಿರುದ್ಧ ಒಂದೇ ರಾತ್ರಿ ಹತ್ತು! ಸರಾಸರಿಗೂ ಆ ಹತ್ತಕ್ಕೂ ಇರುವ ಅಂತರವೇ ಬ್ಲಾಕ್‌ನ ಸ್ವಭಾವ.

ಅಮೆರಿಕದ ಪ್ರಿಡಿಕ್ಷನ್ ಮಾರುಕಟ್ಟೆಗಳು ಇಂಥ ಅನಿಶ್ಚಿತತೆಗೇ ಬೆಲೆ ಕಟ್ಟುತ್ತವೆ. 2025ರ ಜನವರಿಯಲ್ಲಿ ಕ್ರೀಡೆಗೆ ಕಾಲಿಟ್ಟ ಕಾಲ್ಶಿಯಂಥ ಕಡೆ ವ್ಯವಹಾರ ಸರಳ: ಹೇಳಿದ್ದು ನಿಜವಾದರೆ ಕಾಂಟ್ರಾಕ್ಟ್‌ಗೆ ಒಂದು ಡಾಲರ್, ಸುಳ್ಳಾದರೆ ಸೊನ್ನೆ. ಬೆಲೆ 48 ಸೆಂಟ್ ಇದ್ದರೆ, ಅದು ನಿಜವಾಗುವ ಸಂಭವ ಸುಮಾರು ಶೇ 48 ಎಂಬುದು ಕೊಳ್ಳುವವರ, ಮಾರುವವರ ಒಟ್ಟು ಅಂದಾಜು. ಸರಾಸರಿ 3.6 ಇರುವ ಆಟಗಾರ ನಾಲ್ಕು ಅಥವಾ ಹೆಚ್ಚು ಬ್ಲಾಕ್ ಮಾಡುವ ಸಂಭವವನ್ನು ಸರಾಸರಿಯೊಂದರಿಂದಲೇ ಸಂಭವ ಹೇಳುವ ಪಾಯ್ಸಾನ್ ಸೂತ್ರದಿಂದ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಸರಾಸರಿಯನ್ನು 3ಕ್ಕೆ ಇಳಿಸಿ ನೋಡಿ, ಸಂಭವ ಶೇ 35ಕ್ಕೆ ಜಾರುತ್ತದೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಬಿದ್ದು ಆಟಗಾರ ಬೆಂಚಿಗೆ ಹೋದರೆ ಸಾಕು, ಇಷ್ಟು ಇಳಿಯಲು.

ಆದರೆ ಸೂತ್ರಕ್ಕೆ ಸಿಗದ ಸಂಗತಿಯೊಂದಿದೆ. ಬ್ಲಾಕ್ ಆಗಬೇಕಾದರೆ ಎದುರಾಳಿ ಶಾಟ್ ಹೊಡೆಯಬೇಕು. ಯೂಟಾದ ಮಾರ್ಕ್ ಈಟನ್ 1984–85ರಲ್ಲಿ 456 ಬ್ಲಾಕ್ ಮಾಡಿದಾಗ ತಂಡಗಳು ಬುಟ್ಟಿಯ ಬುಡಕ್ಕೇ ನುಗ್ಗುತ್ತಿದ್ದವು, ದೂರದಿಂದ ಹೊಡೆಯುವ ಮೂರು ಅಂಕಗಳ ಶಾಟ್ ಅಪರೂಪವಾಗಿತ್ತು. ಇಂದು ವೆಂಬನ್ಯಾಮನನ್ನು ಕಂಡ ಗಾರ್ಡ್ ಅರ್ಧ ದಾರಿಯಲ್ಲೇ ತಿರುಗಿ ಚೆಂಡನ್ನು ಹೊರಗೆ ಪಾಸ್ ಮಾಡುತ್ತಾನೆ. ಆ ಹಿಂಜರಿಕೆಯೇ ರಕ್ಷಣೆಯ ಅತ್ಯುತ್ತಮ ಫಲ, ಆದರೂ ಬ್ಲಾಕ್‌ನ ಕಾಲಂನಲ್ಲಿ ಅದು ಸೊನ್ನೆ. ಹಿಂದಿನ ಕಾಲದ ರಕ್ಷಣಾ ದಿಗ್ಗಜ ಬಿಲ್ ರಸೆಲ್‌ಗಂತೂ ಆ ಕಾಲಮ್ಮೇ ಇರಲಿಲ್ಲ. ಆತ ನಿವೃತ್ತನಾದದ್ದು 1969ರಲ್ಲಿ, ಎನ್‌ಬಿಎ ಬ್ಲಾಕ್‌ಗಳ ಲೆಕ್ಕ ಇಡತೊಡಗಿದ್ದು 1973–74ರಲ್ಲಿ.

ಇನ್ನು ಲೆಕ್ಕ ಬರೆಯುವವನ ಕಣ್ಣು. ಬೆರಳು ಚೆಂಡಿಗೆ ತಾಗಿತೇ? ಶಾಟ್ ಶುರುವಾಗುವ ಮುನ್ನವೇ ಕಿತ್ತುಕೊಂಡದ್ದೇ, ಅಂದರೆ ಅದು ಸ್ಟೀಲ್ ಆಗಬೇಕಿತ್ತೇ? ಚೆಂಡು ಇಳಿಯುವಾಗ ಮುಟ್ಟಿದ್ದರೆ ಗೋಲ್‌ಟೆಂಡಿಂಗ್. 2023ರ ಜನವರಿಯಲ್ಲಿ, ಮೆಂಫಿಸ್‌ನ ಜಾರೆನ್ ಜಾಕ್ಸನ್ ಜೂನಿಯರ್‌ಗೆ ತವರಿನಲ್ಲಿ ಉದಾರವಾಗಿ ಬ್ಲಾಕ್ ಬರೆಯಲಾಗುತ್ತಿದೆ ಎಂದು ಅಭಿಮಾನಿಯೊಬ್ಬರು ಎಬ್ಬಿಸಿದ ಗುಲ್ಲು ದೇಶವಿಡೀ ಹಬ್ಬಿತು. ಲೀಗ್ ಪರಿಶೀಲಿಸಿ, ಲೆಕ್ಕ ನಿಯಮದಂತೆಯೇ ಇದೆ ಎಂದಿತು. ಆತ ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನೂ ಆದ. ಒಂದು ಬ್ಲಾಕ್‌ನ ಹೆಚ್ಚುಕಡಿಮೆಯಲ್ಲಿ ಪೂರ್ತಿ ಡಾಲರ್ ಕೈ ಬದಲಿಸುವಾಗ ಇಂಥ ಪರಿಶೀಲನೆ ಪ್ರತಿ ರಾತ್ರಿಯ ಅಗತ್ಯ.

ಕೊನೆಯದು ಆಟಗಾರನ ಪ್ರಾಮಾಣಿಕತೆ. ಒಬ್ಬನ ಅಂಕಿಗಳು ಇಂತಿಷ್ಟಕ್ಕಿಂತ ಕಡಿಮೆ ಎಂಬ ಪಣ ಅಪಾಯಕಾರಿ. ಗೆಲ್ಲಲು ಕೌಶಲ ಬೇಕಿಲ್ಲ, ಆಡದೆ ಕೂತರೆ ಆಯಿತು. 2024ರ ಮಾರ್ಚ್ 20ರಂದು ಟೊರೊಂಟೊದ ಜಾಂಟೇ ಪೋರ್ಟರ್ ಮೂರೇ ನಿಮಿಷ ಆಡಿ, ಅನಾರೋಗ್ಯವೆಂದು ಹೊರನಡೆದ. ಆತನ ಆರೋಗ್ಯದ ಗುಟ್ಟು ಮೊದಲೇ ತಿಳಿದವರ ವಲಯದಿಂದ ಬೆಟ್ಟಿಂಗ್ ಕಂಪನಿಯೊಂದರಲ್ಲಿ 80,000 ಡಾಲರ್‌ನ ಅಂಥದೇ ‘ಕಡಿಮೆ’ ಪಣ ಬಿದ್ದಿತ್ತು, ಗೆದ್ದರೆ 11 ಲಕ್ಷ ಡಾಲರ್. ಕಂಪನಿ ಹಣ ತಡೆಹಿಡಿಯಿತು, ಏಪ್ರಿಲ್‌ನಲ್ಲಿ ಎನ್‌ಬಿಎ ಪೋರ್ಟರ್‌ಗೆ ಆಜೀವ ನಿಷೇಧ ಹೇರಿತು. ಮುಂದಿನ ಋತುವಿನಿಂದ ಲೀಗ್‌ನ ಪಾಲುದಾರ ಬೆಟ್ಟಿಂಗ್ ಕಂಪನಿಗಳು ಟೂ-ವೇ (ಕಿರಿಯ ಲೀಗ್‌ನಲ್ಲೂ ಆಡುವ) ಮತ್ತು ಹತ್ತು ದಿನಗಳ ಒಪ್ಪಂದದ ಆಟಗಾರರ ಮೇಲೆ ‘ಕಡಿಮೆ’ ಪಣ ಒಡ್ಡುವುದನ್ನೇ ನಿಲ್ಲಿಸಿದವು. ಬ್ಲಾಕ್‌ನಂಥ ಚಿಕ್ಕ ಅಂಕಿಗಳ ವಿಷಯದಲ್ಲಿ ಈ ಕಟ್ಟುಪಾಡು ಎಲ್ಲ ಆಟಗಾರರಿಗೂ, ಪ್ರಿಡಿಕ್ಷನ್ ಮಾರುಕಟ್ಟೆಗಳಿಗೂ ಬರಬೇಕು.