ಕಾನೂನು ಬರೆದ ನಾಟಕ
ರಂಗನಿರ್ದೇಶಕ ಅಗಸ್ಟೊ ಬೋವಾಲ್ ಅವರ ‘ಶಾಸನ ರಂಗಭೂಮಿ’ ನಾನು ಮನಸಾರೆ ಮೆಚ್ಚಿದ ರಂಗಪ್ರಯೋಗ. 1993ರಿಂದ 1996ರವರೆಗೆ ಅವರು ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಅವರ ತಂಡಗಳು ಬೀದಿ, ಕೊಳೆಗೇರಿಗಳಲ್ಲಿ ಜನರ ಕಷ್ಟವನ್ನೇ ನಾಟಕವಾಗಿ ಆಡುತ್ತಿದ್ದವು. ಕಥೆ ಬಿಕ್ಕಟ್ಟಿಗೆ ಬಂದಾಗ ಪ್ರೇಕ್ಷಕರೇ ರಂಗಕ್ಕೇರಿ, ಪಾತ್ರ ವಹಿಸಿ, ತಮಗೆ ತೋಚಿದ ಪರಿಹಾರವನ್ನು ಅಭಿನಯಿಸುತ್ತಿದ್ದರು. ಆ ಸಲಹೆಗಳು ಮಸೂದೆಯ ರೂಪ ತಾಳುತ್ತಿದ್ದವು. ಬೋವಾಲ್ ಅವನ್ನು ಸಭೆಯಲ್ಲಿ ಮಂಡಿಸುತ್ತಿದ್ದರು. ಹೀಗೆ 13 ಕಾನೂನುಗಳು ಜಾರಿಗೆ ಬಂದವು. ನಗರಸಭೆಯ ಆಸ್ಪತ್ರೆಗಳಲ್ಲಿ ವೃದ್ಧರ ಕಾಯಿಲೆಗಳ ತಜ್ಞರಿರಬೇಕೆಂಬುದು ಅವುಗಳಲ್ಲೊಂದು. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದವರನ್ನು ಈ ಕಲೆ ಶಾಸನ ರೂಪಿಸುವವರನ್ನಾಗಿ ಮಾಡಿತು. ನಮ್ಮಲ್ಲೂ ಬೀದಿನಾಟಕವಿದೆ, ಗ್ರಾಮಸಭೆಯಿದೆ. ಎರಡನ್ನೂ ಒಂದೇ ಅಂಗಳಕ್ಕೆ ತರೋಣ.