ಒತ್ತಿದ್ದು ಸರಿ, ಎಷ್ಟು ಹೊತ್ತು?

ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾದ ಮೇಲೆ ಆರ್ಡುಯಿನೊ ಎಂಬ ಅಂಗೈಯಗಲದ ಬೋರ್ಡು ಶಾಲಾ ಮಕ್ಕಳ ಕೈಗೂ ಬಂತು. ಅದರ ಆರಂಭದ ಪಾಠಗಳಲ್ಲೊಂದು ಇದು: ಬಟನ್ ಒತ್ತಿದರೆ ಎಲ್‌ಇಡಿ ಹೊತ್ತಬೇಕು, ಬಿಟ್ಟರೆ ಆರಬೇಕು. ಬಟನ್ ಎಷ್ಟು ಹೊತ್ತು ಒತ್ತಿತ್ತು ಎಂದು ಅಳೆಯುವುದು ಅದರ ಮುಂದಿನ ಮೆಟ್ಟಿಲು. ಆದರೆ ಅದನ್ನು ಕಲಿಸುವ ರೂಢಿಯ ಕ್ರಮ ಸಪ್ಪೆ.

ರೂಢಿ ಏನೆಂದರೆ, ಹತ್ತು ಮಿಲಿಸೆಕೆಂಡ್ ಸುಮ್ಮನೆ ಕಾಯುವುದು, ಬಟನ್ ಇನ್ನೂ ಒತ್ತಿದ್ದರೆ ಲೆಕ್ಕಕ್ಕೆ ಒಂದು ಸೇರಿಸುವುದು, ಮತ್ತೆ ಕಾಯುವುದು. ಉತ್ತರ ಸಿಗುತ್ತದೆ, ಆದರೆ ಅಷ್ಟು ಹೊತ್ತೂ ಬೋರ್ಡು ಬೇರಾವ ಕೆಲಸಕ್ಕೂ ಬಾರದು. ಒತ್ತಿದ ಗಳಿಗೆಯನ್ನೂ ಬಿಟ್ಟ ಗಳಿಗೆಯನ್ನೂ ಶುರುವಾದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಬೋರ್ಡಿನ ಗಡಿಯಾರದಿಂದ ಗುರುತು ಹಾಕಿಕೊಂಡು ಕಳೆಯುವ ಲೆಕ್ಕವೇ ವಾಸಿ. ಅದನ್ನೇ ಮೊದಲು ಕಲಿಸಬಾರದೇಕೆ?

ತಪ್ಪುಗಳೂ ಆಗ ಸೊಗಸಾಗಿ ಹೊರಬೀಳುತ್ತವೆ. ಸ್ವಿಚ್ಚಿನೊಳಗಿನ ಲೋಹದ ಪಟ್ಟಿ ತಾಗುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ; ಬೆರಳು ಒತ್ತಿದ್ದು ಒಂದೇ ಸಲವಾದರೂ ಪರದೆಯ ಮೇಲೆ 1, 3, 412 ಎಂದು ಮೂರು ಅಂಕಿ ಬರಬಹುದು. ಇನ್ನೊಂದು ಎಡವಟ್ಟು ಇದಕ್ಕಿಂತ ಮಜವಾದದ್ದು. ಆರ್ಡುಯಿನೊ ಊನೊ ಬೋರ್ಡಿನ ಸಾಧಾರಣ ಪೂರ್ಣಾಂಕದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಒತ್ತಿದ ಗಳಿಗೆಯನ್ನು ಅದರಲ್ಲಿಟ್ಟರೆ ಮೊದಲ ಅರ್ಧ ನಿಮಿಷ ಎಲ್ಲ ಸರಿ. ಬೋರ್ಡು ಶುರುವಾಗಿ 40 ಸೆಕೆಂಡಾದ ಮೇಲೆ 200 ಮಿಲಿಸೆಕೆಂಡ್ ಒತ್ತಿದರೆ ಉತ್ತರ 65,736! ಸಂಖ್ಯೆ ಎಲ್ಲಿಂದ ಬಂತೆಂದು ಹುಡುಕಿದ ಹುಡುಗಿಗೆ ದ್ವಿಮಾನ ಪದ್ಧತಿಯ ಅರ್ಧ ಅಧ್ಯಾಯ ಬಂದಂತೆಯೇ. ಸಿದ್ಧ ಕೋಡನ್ನು ನಕಲು ಹೊಡೆಸುವ ತರಗತಿಯಲ್ಲಿ ಈ ಭಾಗ್ಯವಿಲ್ಲ.

ಇಷ್ಟೆಲ್ಲ ಅಳೆದು ಮಾಡುವುದೇನು? ಎರಡು ಸೆಕೆಂಡ್ ಒತ್ತಿದರೆ ಕೆಂಪು ದೀಪ, ಕಡಿಮೆ ಒತ್ತಿದರೆ ಹಸಿರು. ಎರಡೇ ಸೆಕೆಂಡ್ ಯಾಕೆ ಎಂದು ಯಾರೂ ಕೇಳುವುದಿಲ್ಲ. ಈ ಅಭ್ಯಾಸದ ದೊಡ್ಡ ಕೊರತೆ ಇದೇ.

ಕೇಳಲು ದೂರ ಹೋಗಬೇಕಿಲ್ಲ. ಚುನಾವಣೆ ಬಂದರೆ ಎಷ್ಟೋ ಶಾಲಾ ಕೊಠಡಿಗಳು ಮತಗಟ್ಟೆಯಾಗುತ್ತವೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದಲ್ಲಿ ನೀಲಿ ಬಟನನ್ನು ಎಷ್ಟು ಹೊತ್ತು ಅದುಮಿದರೂ ಮತ ಒಂದೇ. ಅಧಿಕಾರಿ ಮತ್ತೆ ಬ್ಯಾಲೆಟ್ ಬಟನ್ ಒತ್ತುವವರೆಗೆ ಯಂತ್ರ ಇನ್ನೊಂದನ್ನು ಸ್ವೀಕರಿಸದು. ಅಲ್ಲಿ ಹೊತ್ತು ಲೆಕ್ಕಕ್ಕೆ ಬರಲೇಬಾರದು.

ಬೋರ್‌ವೆಲ್ಲಿನ ಸಿಂಗಲ್ ಫೇಸ್ ಮೋಟರಿನ ಕತೆ ಇದಕ್ಕೆ ತದ್ವಿರುದ್ಧ. ಅನೇಕ ಸ್ಟಾರ್ಟರ್ ಡಬ್ಬಗಳಲ್ಲಿ ಹಸಿರು ಬಟನ್ ಒತ್ತಿ ಹಿಡಿದಷ್ಟು ಹೊತ್ತು ಸ್ಟಾರ್ಟ್ ಕೆಪಾಸಿಟರ್ ಜೋಡಣೆಯಲ್ಲಿರುತ್ತದೆ. ಬೇಗ ಬಿಟ್ಟರೆ ಮೋಟರು ಎತ್ತಿಕೊಳ್ಳದೆ ಗುಂಯ್‌ಗುಡುತ್ತದೆ, ಹೆಚ್ಚು ಹಿಡಿದರೆ ಕೆಪಾಸಿಟರ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಪಳಗಿದ ರೈತ ಸೆಕೆಂಡ್ ಎಣಿಸುವುದಿಲ್ಲ. ಆಮೀಟರಿನ ಮುಳ್ಳು ಸರ್ರನೆ ಮೇಲೇರಿ ಇಳಿಯುವುದನ್ನು ನೋಡಿ ಬೆರಳು ತೆಗೆಯುತ್ತಾನೆ. ವೋಲ್ಟೇಜ್ ಕಡಿಮೆ ಇದ್ದ ದಿನ ಆ ಇಳಿತ ತಡ, ಆದ್ದರಿಂದ ಹಿಡಿಯುವ ಹೊತ್ತೂ ಹೆಚ್ಚು. ಕೋಡಿನಲ್ಲಿ ಗಟ್ಟಿಯಾಗಿ ಬರೆದಿಟ್ಟ ಎರಡು ಸೆಕೆಂಡ್ ಇಲ್ಲಿ ಸೋಲುತ್ತದೆ.

ಅಭ್ಯಾಸವನ್ನು ಇಲ್ಲಿಗೆ ತಂದು ನಿಲ್ಲಿಸಿದರೆ ಅದಕ್ಕೊಂದು ಬೆಲೆ. 230 ವೋಲ್ಟಿನ ಡಬ್ಬಕ್ಕೆ ಮಕ್ಕಳು ಕೈ ಹಾಕುವ ಮಾತೇ ಬೇಡ. ಲ್ಯಾಬಿನಲ್ಲಿ 12 ವೋಲ್ಟಿನ ಸಣ್ಣ ಮೋಟರಿಟ್ಟು, ಬಟನ್ ಒತ್ತಿದ ಹೊತ್ತಿನ ಜೊತೆಗೆ ಮೋಟರ್ ಎಳೆಯುವ ಕರೆಂಟನ್ನೂ ಸೆನ್ಸರಿನಿಂದ ಓದಿಸಿ, ಎರಡನ್ನೂ ಒಂದೇ ಗ್ರಾಫಿನಲ್ಲಿ ಬರೆಸಬಹುದು. ಎಲ್‌ಇಡಿಯ ಪಾಠ ಮುಗಿಸಿದವರಿಗೆ ಇದು ಎರಡು ಪೀರಿಯಡ್ಡಿನ ಕೆಲಸ.