ಬಿಟ್ಟಿ, ಕೂಲಿ, ಮುಯ್ಯಿ

‘ಹಾಯ್ ಸರ್, ಕೊಲ್ಯಾಬ್?’

ಇಷ್ಟೇ ಮೆಸೇಜು. ಹಿಂದಿಲ್ಲ, ಮುಂದಿಲ್ಲ. ವಾರವೆಲ್ಲ ಕೋಡ್ ಬರೆದು ಭಾನುವಾರ ಮಾತ್ರ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಓಡಾಡೋ ನನ್ನಂಥ ಹವ್ಯಾಸಿಗೇ ಇನ್‌ಸ್ಟಾಗ್ರಾಂನಲ್ಲಿ ಇಂಥವು ಬರುತ್ತವೆ ಅಂದಮೇಲೆ, ಇದೇ ಕಸುಬಿನಿಂದ ಮನೆ ಬಾಡಿಗೆ ಕಟ್ಟೋರ ಇನ್‌ಬಾಕ್ಸ್ ಹೇಗಿರಬೇಡ! ಸಿನಿಮಾಕ್ಕೆ ವಿಮರ್ಶೆ ಬರೀತಾರೆ, ಹೋಟೆಲಿನ ದೋಸೆಗೂ ಬರೀತಾರೆ. ಈ ಮೆಸೇಜುಗಳಿಗೂ ಒಂದು ಇರಲಿ ಬಿಡಿ ಅಂತ ಕೂತಿದ್ದೇನೆ.

ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಮೇಲೆ ಹೇಳಿದ್ದು. ಎರಡನೆಯದು, ‘ಸರ್ ನಿಮ್ಮ ವರ್ಕ್ ಸೂಪರ್, ನನಗೊಂದು ಪೋರ್ಟ್‌ಫೋಲಿಯೋ ಮಾಡಿಕೊಡಿ, ಟ್ಯಾಗ್ ಮಾಡ್ತೀನಿ’ ಅನ್ನೋದು. ಎರಡರಲ್ಲೂ ಒಂದೇ ಕೊರತೆ. ಯಾವ ಫೋಟೋ ನೋಡಿ ಇಷ್ಟವಾಯ್ತು ಅನ್ನೋದಿಲ್ಲ, ಏನು ಮಾಡಬೇಕು ಅನ್ನೋದಿಲ್ಲ, ನನಗೇ ಯಾಕೆ ಕೇಳ್ತಿದ್ದೀರಿ ಅನ್ನೋದೂ ಇಲ್ಲ. ಹೆಸರು ಬದಲಾಯಿಸಿದರೆ ಅದೇ ಮೆಸೇಜು ನೂರು ಜನಕ್ಕೆ ಹೋಗುತ್ತೆ. ಓದೋರಿಗೂ ಅದು ಗೊತ್ತಾಗುತ್ತೆ.

ದುಡ್ಡಿಲ್ಲದೆ ಶೂಟ್ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅದಕ್ಕೊಂದು ಹಳೆಯ, ಮರ್ಯಾದಸ್ಥ ಪದ್ಧತಿಯಿದೆ. ಟಿಎಫ್‌ಪಿ ಅಂತಾರೆ, ಟೈಮ್ ಫಾರ್ ಪ್ರಿಂಟ್ಸ್. ರೀಲ್ ಹಾಕಿ ಫೋಟೋ ತೆಗೀತಿದ್ದ ಕಾಲದ ಮಾತು. ಮಾಡೆಲ್ ತನ್ನ ಸಮಯ ಕೊಡೋದು, ಬದಲಿಗೆ ಫೋಟೋಗ್ರಾಫರ್ ಪ್ರಿಂಟ್ ಹಾಕಿಸಿ ಕೊಡೋದು. ಇಬ್ಬರಿಗೂ ಆಲ್ಬಂಗೆ ಸರಕು ಬೇಕು, ಇಬ್ಬರ ಹತ್ತಿರವೂ ಕಾಸಿಲ್ಲ. ಪ್ರಿಂಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಡ್ರೈವ್ ಲಿಂಕ್ ಬಂತು, ಹೆಸರು ಮಾತ್ರ ಹಾಗೇ ಉಳೀತು.

ಇದನ್ನು ಮೊದಲ ಸಲ ಕೇಳಿದಾಗ ನನಗೆ ಹೊಸದು ಅನ್ನಿಸಲಿಲ್ಲ. ನಮ್ಮೂರಲ್ಲಿ ಇದಕ್ಕೆ ಮುಯ್ಯಾಳು ಅಂತಿದ್ರು. ರಾಗಿ ಕುಯ್ಲಿಗೆ ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮ ಹೊಲಕ್ಕೆ ಬಂದರೆ, ನಾಡಿದ್ದು ನಮ್ಮ ಮನೆಯಿಂದ ಇಬ್ಬರು ನಿಮ್ಮ ಹೊಲಕ್ಕೆ. ಕಾಸು ಕೈ ಬದಲಾಯಿಸಲ್ಲ. ಹಾಗಂತ ಯಾರೂ ಅದನ್ನ ಪುಕ್ಕಟೆ ಅನ್ನಲಿಲ್ಲ. ಯಾರ ಮನೆಗೆ ಎಷ್ಟು ಆಳು ತೀರಿಸಬೇಕು ಅನ್ನೋ ಲೆಕ್ಕ ಮನೆ ಹೆಂಗಸರ ಬಾಯಲ್ಲೇ ಇರ್ತಿತ್ತು.

ಆದರೆ ಮುಯ್ಯಾಳಿಗೆ ಒಂದು ಷರತ್ತಿತ್ತು. ಇಬ್ಬರಿಗೂ ಹೊಲ ಇರಬೇಕು. ಹೊಲ ಇಲ್ಲದವರಿಗೆ ನೀವು ಯಾವ ಮುಯ್ಯಿ ತೀರಿಸ್ತೀರಿ? ಅವರಿಗೆ ಕೂಲಿಯನ್ನೇ ಕೊಡಬೇಕು. ಕೂಲಿಯೂ ಕೊಡದೆ ಮುಯ್ಯಿಯೂ ತೀರಿಸದೆ ಮಾಡಿಸಿಕೊಂಡರೆ ಅದು ಬಿಟ್ಟಿ. ಇವತ್ತು ‘ಬಿಟ್ಟಿ ಊಟ’ ಅಂತ ತಮಾಷೆಗೆ ಹೇಳ್ತೀವಿ. ಬಿಟ್ಟಿ ಚಾಕರಿ ಅಂದರೆ ಹಿಂದೆ ದಣಿಗಳು ಕೂಲಿ ಕೊಡದೆ ಮಾಡಿಸಿಕೊಳ್ತಿದ್ದ ದುಡಿಮೆ.

ಕೊಲ್ಯಾಬ್ ಅನ್ನೋ ಪದದ ತೊಂದರೆಯೇ ಇದು. ಈ ಮೂರನ್ನೂ ಅದು ಒಂದೇ ಚೀಲಕ್ಕೆ ತುಂಬುತ್ತೆ. ಬಟ್ಟೆ ಅಂಗಡಿಯವರು ತಮ್ಮ ಹೊಸ ಕುರ್ತಾಗಳನ್ನು ಮಾಡೆಲ್‌ಗೆ ತೊಡಿಸಿ, ಫೋಟೋಗ್ರಾಫರ್ ಕೈಲಿ ತೆಗೆಸಿ, ಇಬ್ಬರಿಗೂ ‘ಎಕ್ಸ್‌ಪೋಶರ್’ ಕೊಟ್ಟು ಕಳಿಸಿದರೆ ಅದು ಬಿಟ್ಟಿ. ಮಾರಾಟ ಇರೋ ಕಡೆ ಕೂಲಿ ಇರಬೇಕು. ಇಬ್ಬರೂ ಕಲಿಯೋ ಹಂತದಲ್ಲಿದ್ದು, ಇಬ್ಬರಿಗೂ ಆ ಫೋಟೋ ಬೇಕಿದ್ದರೆ ಮಾತ್ರ ಮುಯ್ಯಿ. ಹಾಗಾಗಿ ಮೆಸೇಜ್ ಕಳಿಸೋ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ಫೋಟೋದಿಂದ ಅವರಿಗೇನು ಸಿಗುತ್ತೆ? ಹತ್ತು ವರ್ಷದಿಂದ ಜಾಹೀರಾತು ಮಾಡ್ತಿರೋರಿಗೆ ನಿಮ್ಮ ಟ್ಯಾಗ್ ಬೇಕಿಲ್ಲ. ಈಗಷ್ಟೇ ಪೋರ್ಟ್ರೇಟ್ ಕಲೀತಿರೋರಿಗೆ ನಿಮ್ಮ ಎರಡು ಗಂಟೆ ಚಿನ್ನ.

ಆ ಎರಡು ಗಂಟೆ ಅನ್ನೋದೂ ಮೋಸದ ಲೆಕ್ಕ. ಐಟಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ‘ಒಂದು ಚಿಕ್ಕ ವೆಬ್‌ಸೈಟ್ ಅಷ್ಟೇ ಕಣೋ, ನಿನಗೆ ಅರ್ಧ ಗಂಟೆ ಕೆಲಸ’ ಅಂತ ನೆಂಟರು ಹೇಳಿದಾಗ ನಮಗೆ ಹೇಗಾಗುತ್ತೆ? ಎರಡು ಗಂಟೆ ಶೂಟ್‌ನಲ್ಲಿ ನಾನೇ ನಾನೂರು ಫ್ರೇಮ್ ಹೊಡೀತೀನಿ. ಅದರಲ್ಲಿ ನಲವತ್ತು ಆರಿಸಿ, ಕೊನೆಗೆ ಹನ್ನೆರಡು ಉಳಿಸಿ, ಒಂದೊಂದಕ್ಕೆ ಅರ್ಧ ಗಂಟೆ ಕೂತರೆ ಎಡಿಟಿಂಗೇ ಆರು ಗಂಟೆ. ಮಾಡೆಲ್ ಕಡೆಯೂ ಲೆಕ್ಕ ಇದೆ ನೋಡಿ: ಮೇಕಪ್ಪು, ಬಟ್ಟೆ, ಇಸ್ತ್ರಿ, ಆಟೋ, ಹಾಕಿದ ರಜೆ. ಇಬ್ಬರ ಖರ್ಚೂ ಇಬ್ಬರಿಗೂ ಕಾಣೋದಿಲ್ಲ. ಜಗಳ ಹುಟ್ಟೋದು ಇಲ್ಲೇ.

ಹಾಗಾದರೆ ಒಳ್ಳೆ ಮೆಸೇಜು ಹೇಗಿರಬೇಕು? ನಾನೇ ಒಂದು ಬರೆದು ನೋಡಿದೆ:

‘ನಮಸ್ಕಾರ. ಮಾಡೆಲಿಂಗ್ ಶುರು ಮಾಡಿ ಆರು ತಿಂಗಳಾಯ್ತು. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ಬೆಳಗಿನ ಹೊತ್ತು ನೀವು ತೆಗೆದ ಫೋಟೋಗಳನ್ನ ನೋಡಿದೆ. ಅಂಥದ್ದೇ ಬೆಳಕಲ್ಲಿ ಇಳಕಲ್ ಸೀರೆ ಉಟ್ಟು ಒಂದು ಸರಣಿ ಮಾಡೋ ಆಸೆ. ನನ್ನ ಪೋರ್ಟ್‌ಫೋಲಿಯೋದಲ್ಲಿ ಸೀರೆಯದ್ದು ಒಂದೂ ಇಲ್ಲ. ಸೀರೆ, ಮೇಕಪ್ ನಾನೇ ನೋಡ್ಕೋತೀನಿ. ಮುಂದಿನ ತಿಂಗಳ ಯಾವ ಭಾನುವಾರವಾದರೂ ಸರಿ. ಎಡಿಟ್ ಆದ ಹತ್ತು ಫೋಟೋ ಸಾಕು. ಜೊತೆಗೆ ತಂಗಿ ಬರ್ತಾಳೆ. ಟಿಎಫ್‌ಪಿ ಮಾಡ್ತೀರಾ? ಇಲ್ಲದಿದ್ದರೆ ನಿಮ್ಮ ರೇಟ್ ತಿಳಿಸಿ. ಮೇಕಪ್ ಇಲ್ಲದ ಎರಡು ಫೋಟೋ ಕಳಿಸಿದ್ದೀನಿ.’

ಇದರಲ್ಲಿ ಅಲಂಕಾರ ಏನೂ ಇಲ್ಲ. ಆದರೆ ‘ಹೂವಿನ ಸಾಲು’ ಅಂದಾಗ ನಿಮ್ಮ ಕೆಲಸ ನೋಡಿದ್ದೇನೆ ಅನ್ನೋ ಪುರಾವೆ ಸಿಕ್ಕಿತು. ‘ಹತ್ತು ಸಾಕು’ ಅಂದಾಗ ಕೆಲಸಕ್ಕೊಂದು ಗಡಿ ಬಂತು. ‘ರೇಟ್ ತಿಳಿಸಿ’ ಅಂದಾಗ, ಒಲ್ಲೆ ಅನ್ನೋಕೆ ಅವರಿಗೆ ಮರ್ಯಾದೆಯ ದಾರಿ ಸಿಕ್ಕಿತು. ‘ತಂಗಿ ಬರ್ತಾಳೆ’ ಅನ್ನೋದು ಎಲ್ಲಕ್ಕಿಂತ ಮುಖ್ಯ ವಾಕ್ಯ. ಅದು ಅನುಮತಿ ಕೇಳ್ತಿಲ್ಲ, ತಿಳಿಸ್ತಿದೆ. ಅದಕ್ಕೆ ಫೋಟೋಗ್ರಾಫರ್ ಮುಖ ಸಿಂಡರಿಸಿದರೆ, ‘ಒಬ್ಬರೇ ಬಂದರೆ ಕಂಫರ್ಟಬಲ್ ಆಗಿರುತ್ತೆ’ ಅಂದರೆ, ಆ ಶೂಟ್ ಅಲ್ಲಿಗೇ ಬಿಟ್ಟುಬಿಡಿ. ಅವರಿಗೆ ಎಷ್ಟು ಲಕ್ಷ ಫಾಲೋವರ್ಸ್ ಇದ್ದರೂ ಅಷ್ಟೇ.

ಒಪ್ಪಿಕೊಂಡ ಮೇಲೆ ಮಾತು ಮುಗೀಲಿಲ್ಲ, ಶುರುವಾಯ್ತು. ಎಷ್ಟು ಫೋಟೋ, ಎಷ್ಟು ದಿನದೊಳಗೆ, ಯಾವ ಥರದ ಬಟ್ಟೆ, ಎಲ್ಲಿ ಹಾಕಬಹುದು, ಯಾರಿಗಾದರೂ ಮಾರಬಹುದಾ – ಇಷ್ಟನ್ನೂ ಬರವಣಿಗೆಯಲ್ಲಿ ಇಡಿ. ಯಾಕಂದರೆ ಕಾನೂನು ಬಹಳ ಜನ ಅಂದುಕೊಂಡ ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಹಣ ಕೊಟ್ಟು ಹೇಳಿ ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದಾಗ, ತೆಗೆಸಿದವರು ಮೊದಲ ಹಕ್ಕುದಾರರು. ಹಣವೇ ಕೊಡದ ಶೂಟ್‌ನಲ್ಲಿ ತಕ್ಕಡಿ ಫೋಟೋಗ್ರಾಫರ್ ಕಡೆಗೇ ವಾಲುತ್ತೆ. ಮುಖ ನಿಮ್ಮದು, ಹಕ್ಕು ಅವರದು. ಆ ಹಕ್ಕನ್ನು ವರ್ಗಾಯಿಸಬೇಕಾದರೆ ಬರವಣಿಗೆ, ಸಹಿ ಎರಡೂ ಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತಲೇ ಎಣಿಸುತ್ತೆ. ಇನ್ನು ಹದಿನೆಂಟು ತುಂಬದವರ ಕರಾರಿಗೆ ನಮ್ಮಲ್ಲಿ ಬೆಲೆಯಿಲ್ಲ. ಅವರ ವಿಷಯದಲ್ಲಿ ಅಪ್ಪ ಅಮ್ಮನ ಹತ್ತಿರವೇ ಮಾತಾಡಬೇಕು.

ಫೋಟೋಗ್ರಾಫರುಗಳಿಗೂ ಒಂದು ಮಾತು. ‘ಹಾಯ್ ಸರ್, ಕೊಲ್ಯಾಬ್?’ ಅಂತ ಬಂದದ್ದರ ಸ್ಕ್ರೀನ್‌ಶಾಟ್ ಹಾಕಿ ನಗೋರನ್ನ ನೋಡಿದ್ದೀನಿ. ಅವರಲ್ಲೇ ಕೆಲವರು ಹೊಸ ಹುಡುಗೀರಿಗೆ ‘ನಿಮ್ಮ ಫೇಸ್ ಚೆನ್ನಾಗಿದೆ, ಫ್ರೀ ಶೂಟ್ ಮಾಡ್ಕೊಡ್ತೀನಿ’ ಅಂತ ತಾವೇ ಕಳಿಸ್ತಾರೆ, ಶೂಟ್ ಆದಮೇಲೆ ಮೂರು ತಿಂಗಳಾದರೂ ಫೋಟೋ ಕೊಡಲ್ಲ. ಕುಯ್ಲಿಗೆ ಆಳು ಕರೆಸಿಕೊಂಡು, ತಮ್ಮ ಸರದಿ ಬಂದಾಗ ಬೆನ್ನು ನೋವು ಅಂದವರನ್ನ ನಮ್ಮೂರಲ್ಲಿ ಮಾರನೇ ವರ್ಷ ಯಾರೂ ಕರೀತಿರಲಿಲ್ಲ. ಬೆಂಗಳೂರು ದೊಡ್ಡದು, ಮಾರನೇ ವಾರಕ್ಕೇ ಹೊಸಬರು ಸಿಗ್ತಾರೆ. ಹಾಗಾಗಿಯೇ ಇಲ್ಲಿ ಬಾಯಿ ಮಾತು ಸಾಲದು. ಮೊದಲು ಆ ಫೋಟೋಗ್ರಾಫರ್ ಜೊತೆ ಕೆಲಸ ಮಾಡಿದ ಇಬ್ಬರನ್ನ ಹುಡುಕಿ ‘ಫೋಟೋ ಬಂತಾ? ಹೇಗೆ ನಡ್ಕೊಂಡ್ರು?’ ಅಂತ ಕೇಳಿ. ಇದಕ್ಕೆ ಸಂಕೋಚ ಬೇಡ.

ಇಷ್ಟೆಲ್ಲ ಮಾಡಿದರೂ ‘ಇಲ್ಲ’ ಅನ್ನೋ ಉತ್ತರ ಬರಬಹುದು. ‘ನನ್ನ ರೇಟ್ ಇಷ್ಟು’ ಅಂತ ಬಂದರೆ ಅದು ಅವಮಾನ ಅಲ್ಲ. ಅದು ಅವರ ಕೂಲಿ. ನಾಳೆ ನಿಮಗೂ ಒಂದು ರೇಟ್ ಬರುತ್ತೆ. ಆಗ ನಿಮ್ಮ ಇನ್‌ಬಾಕ್ಸಿಗೂ ಯಾವುದೋ ಅಂಗಡಿಯಿಂದ ‘ಹಾಯ್ ಮೇಡಂ, ಕೊಲ್ಯಾಬ್?’ ಅಂತ ಬರುತ್ತೆ. ಅವತ್ತು ಬಿಟ್ಟಿ ಯಾವುದು, ಮುಯ್ಯಿ ಯಾವುದು ಅಂತ ಗೊತ್ತಿದ್ದರೆ ಉತ್ತರ ಬರೆಯೋದು ಸುಲಭ.